ಅರ್ಜಿ ಯಾರ ಮೇಜಿಗೆ?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಪಂಚಾಯತ್, ಕಾಡಿನ ಹಕ್ಕು ಮತ್ತು ಬುಡಕಟ್ಟು ಸಮುದಾಯಗಳ ಆಡಳಿತಕ್ಕೆ ಸಂಬಂಧಿಸಿದವು. ಉದ್ದದ ಪ್ರಶ್ನೆಗಳನ್ನು ಚುಟುಕಾಗಿಸಿದ್ದೇವೆ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಮನೆ ಎದುರಿನ ರಸ್ತೆಯಲ್ಲಿ ಮೊಣಕಾಲಿನ ತನಕ ಹೊಂಡ. ಒಂದು ಕಚೇರಿಗೆ ಹೋದರೆ "ನಮ್ಮದಲ್ಲ, ಅವರದ್ದು" ಎನ್ನುತ್ತಾರೆ, ಅಲ್ಲಿಗೆ ಹೋದರೆ "ಇವರದ್ದು" ಎನ್ನುತ್ತಾರೆ. ಯಾರದ್ದು ಅಂತ ಗೊತ್ತಾಗುವುದು ಹೇಗೆ ಮಾರಾಯ್ರೆ?
— ಸುರತ್ಕಲ್

ಮೊದಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿ. ನೆತ್ತಿ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ನಿಮ್ಮ ಕಡೆಯ 66ನೇ ಹೆದ್ದಾರಿ ಮತ್ತು ಅದರ ಸರ್ವಿಸ್ ರೋಡು ಕೇಂದ್ರದ ಹೆದ್ದಾರಿ ಪ್ರಾಧಿಕಾರಕ್ಕೆ ಸೇರಿದವು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯವು. ನಗರದ ಒಳರಸ್ತೆ ಪಾಲಿಕೆಯದ್ದು. ಹಳ್ಳಿಯಲ್ಲಾದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು, ಇಲ್ಲವೇ ಗ್ರಾಮ ಪಂಚಾಯತಿಯದ್ದು.

ಕಲ್ಲೇ ಇಲ್ಲದ ರಸ್ತೆಯಾದರೆ ದೂರು ಬರೆಯುವ ಮೊದಲು ಒಂದೇ ಸಾಲಿನ ಅರ್ಜಿ ಕೊಡಿ: "ಈ ರಸ್ತೆ ನಿಮ್ಮ ಆಸ್ತಿ ವಹಿಯಲ್ಲಿ ಇದೆಯೇ, ಇಲ್ಲವೇ? ಹಿಂಬರಹ ಕೊಡಿ." ಹಿಂಬರಹ ಎಂದರೆ ಕಚೇರಿ ಸಹಿ ಹಾಕಿ ಕೊಡುವ ಲಿಖಿತ ಉತ್ತರ. ಬಾಯಲ್ಲಿ "ನಮ್ಮದಲ್ಲ" ಎಂದವರು ಕಾಗದದ ಮೇಲೆ ಹಾಗೆ ಬರೆಯಲು ಹಿಂದೆ ಮುಂದೆ ನೋಡುತ್ತಾರೆ. ಬರೆದುಕೊಟ್ಟರೆ ಆ ಕಾಗದವೇ ಮುಂದಿನ ಕಚೇರಿಗೆ ನಿಮ್ಮ ದಾಖಲೆ.

ನಾವು ಮಲೆಕುಡಿಯರು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನವರು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಎರಡು ಎಕರೆಗೆ ಅರ್ಜಿ ಹಾಕಿದ್ದೆವು. ಗ್ರಾಮ ಸಭೆ ಒಪ್ಪಿತು. ಈಗ "ದಾಖಲೆ ಸಾಲದು, ಸ್ಯಾಟಲೈಟ್ ಫೋಟೋದಲ್ಲಿ ಕೃಷಿ ಕಾಣುವುದಿಲ್ಲ, ವಜಾ ಆಗಿದೆ" ಎಂದು ಫೋನಿನಲ್ಲಿ ತಿಳಿಸಿದರು. ಎಬ್ಬಿಸುತ್ತಾರೆಯೇ? ಮುಂದೆ ಏನು ಮಾಡುವುದು?
— ಬೆಳ್ತಂಗಡಿ ತಾಲೂಕು

ಫೋನಿನಲ್ಲಿ ಹೇಳಿದ್ದು ಆದೇಶವಲ್ಲ. ವಜಾ ಮಾಡಿದರೆ ಕಾರಣಗಳನ್ನು ಬಿಡಿಸಿ ಬರೆದ ಆದೇಶ ಇರಬೇಕು, ಅದನ್ನು ಅರ್ಜಿದಾರರಿಗೆ ಖುದ್ದಾಗಿ ತಲುಪಿಸಬೇಕು ಎಂದು 2012ರಲ್ಲಿ ತಿದ್ದುಪಡಿಯಾದ ನಿಯಮಗಳ 12ಎ ಹೇಳುತ್ತದೆ. ಹಾಗಾಗಿ ಮೊದಲ ಕೆಲಸ ಆದೇಶದ ಪ್ರತಿ ಕೇಳುವುದು. ಬೆಳ್ತಂಗಡಿಗೆ ಪುತ್ತೂರು ಉಪವಿಭಾಗ, ಅಲ್ಲಿನ ಸಹಾಯಕ ಆಯುಕ್ತರೇ ಉಪವಿಭಾಗ ಮಟ್ಟದ ಸಮಿತಿಯ ಅಧ್ಯಕ್ಷರು. (ಉಡುಪಿ ಜಿಲ್ಲೆಯ ಓದುಗರಿಗೆ: ಕಾರ್ಕಳವಾಗಲಿ ಹೆಬ್ರಿಯಾಗಲಿ, ನಿಮ್ಮ ಉಪವಿಭಾಗ ಕುಂದಾಪುರ.) ಅರ್ಜಿಯನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಿ.

ಆದೇಶ ಕೈಸೇರಿದ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಸಲ್ಲಿಸಲು 60 ದಿನ ಅವಕಾಶವಿದೆ. ಸಮಿತಿ ಮನಸ್ಸು ಮಾಡಿದರೆ ಇನ್ನು 30 ದಿನ ಕೊಡಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಈ ಕಾಯ್ದೆಯಡಿ ಜಿಲ್ಲಾ ಸಮಿತಿಯದ್ದೇ ಕೊನೆಯ ತೀರ್ಮಾನ. ಆಮೇಲೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ.

ಈಗ ಮೇಲ್ಮನವಿಯಲ್ಲಿ ಏನು ಬರೆಯುವುದು? ನಿಮಗೆ ಹೇಳಿದ ಎರಡು ಕಾರಣಗಳೂ ನಿಯಮದ ಎದುರು ನಿಲ್ಲುವಂಥವಲ್ಲ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಜಾಗಕ್ಕೆ ಬರುವಂತಿಲ್ಲ. ನಮ್ಮ ಘಟ್ಟದ ಬುಡದಲ್ಲಿ ಹಲಸು, ಬೈನೆ ಮರಗಳ ನೆರಳಲ್ಲೇ ಕರಿಮೆಣಸಿನ ಬಳ್ಳಿ, ನಾಲ್ಕು ಅಡಿಕೆ ಮರ ಇರುತ್ತವೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಕಾಡಾಗಿಯೇ ಕಾಣುತ್ತದೆ. ಈ ವಿವರವನ್ನು ಹೀಗೆಯೇ ಬರೆಯಿರಿ. ಇನ್ನು "ದಾಖಲೆ ಸಾಲದು" ಎಂಬುದು. ನಿಯಮ 13ರಲ್ಲಿ ಹೇಳಿದ ಸಾಕ್ಷ್ಯಗಳಲ್ಲಿ ಯಾವುದಾದರೂ ಎರಡಿದ್ದು ಗ್ರಾಮ ಸಭೆ ಶಿಫಾರಸು ಮಾಡಿದ್ದರೆ, ಲಿಖಿತ ಕಾರಣ ಕೊಡದೆ ವಜಾ ಮಾಡುವಂತಿಲ್ಲ, "ಇಂಥದ್ದೇ ದಾಖಲೆ ತನ್ನಿ" ಎಂದು ಹಟ ಹಿಡಿಯುವಂತಿಲ್ಲ. ದಂಡದ ರಶೀದಿ ಅಥವಾ ಅರಣ್ಯ ಮೊಕದ್ದಮೆಯ ಕಾಗದ ಇಲ್ಲ ಎಂಬುದೊಂದೇ ವಜಾಕ್ಕೆ ಕಾರಣವಾಗುವಂತೆಯೂ ಇಲ್ಲ. ಸಾಕ್ಷ್ಯ ನಿಜಕ್ಕೂ ಕಡಿಮೆ ಎನಿಸಿದರೆ ಕಡತವನ್ನು ಗ್ರಾಮ ಸಭೆಗೆ ಮರಳಿಸಬೇಕು, ಮೇಲೆಯೇ ಹೊಡೆದುಹಾಕಬಾರದು.

ಆ ಎರಡು ಸಾಕ್ಷ್ಯ ಯಾವುವು? ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಮನೆ ತೆರಿಗೆ ರಶೀದಿ ಒಂದು ಬಗೆ. ನೆಲದ ಮೇಲಿನ ಗುರುತು ಇನ್ನೊಂದು: ಮನೆ, ಕಟ್ಟಪುಣಿ (ಗದ್ದೆಯ ಬದು), ತಟ್ಟು ಮಾಡಿ ಸಮಗೊಳಿಸಿದ ಜಾಗ, ಕಲ್ಲು ಕಟ್ಟಿದ ಬಾವಿ, ಹಿರಿಯರನ್ನು ಮಣ್ಣು ಮಾಡಿದ ಜಾಗ, ದೈವದ ಕಟ್ಟೆ. ಮೂರನೆಯದು ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆ. ಇದನ್ನು ಬರೆಸುವಲ್ಲೇ ಹೆಚ್ಚಿನವರು ಎಡವುವುದು. "ಇವರು ಬಹಳ ಕಾಲದಿಂದ ಇದ್ದಾರೆ" ಎಂದು ಬರೆಸಿದರೆ ಅದಕ್ಕೆ ತೂಕವಿಲ್ಲ. "ನನಗೆ ಈಗ 78 ವರ್ಷ. ತೋಡಿನ ಮೂಡು ಬದಿಯ ಈ ಗದ್ದೆಯನ್ನು ಇವರ ಅಜ್ಜ ಕಡಿದು ಮಾಡಿದ್ದನ್ನು ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ಬಾವಿಯ ಪಕ್ಕದ ಹಲಸು ಆಗ ಆಳೆತ್ತರ ಇತ್ತು" ಎಂಬಂತೆ ದಿಕ್ಕು, ಗುರುತು, ವಯಸ್ಸು ಸೇರಿಸಿ ಬರೆಸಬೇಕು. ಕಂಡದ್ದನ್ನಷ್ಟೇ ಬರೆಸಿ. ಕೇಳಿದವರು ಅಡ್ಡಪ್ರಶ್ನೆ ಹಾಕಿದಾಗ ಉಬ್ಬಿಸಿ ಬರೆಸಿದ್ದೇ ಮೊದಲು ಬೀಳುವುದು.

ಇನ್ನೊಂದು ತಪ್ಪು ತೀರಾ ಸಾಮಾನ್ಯ. 75 ವರ್ಷದ, ಅಂದರೆ ಮೂರು ತಲೆಮಾರಿನ, ವಾಸದ ಷರತ್ತು ಇರುವುದು "ಇತರೆ ಪಾರಂಪರಿಕ ಅರಣ್ಯವಾಸಿ"ಗಳಿಗೆ. ನೀವು ಪರಿಶಿಷ್ಟ ಪಂಗಡದವರು, ನಿಮಗೆ ಅದು ಅನ್ವಯಿಸುವುದಿಲ್ಲ. 13 ಡಿಸೆಂಬರ್ 2005ಕ್ಕೆ ಮೊದಲೇ ಜಾಗ ನಿಮ್ಮ ಸ್ವಾಧೀನದಲ್ಲಿತ್ತು ಎಂದು ತೋರಿಸಿದರೆ ಸಾಕು. ನಿಮ್ಮ ಕಡತದಲ್ಲಿ ಯಾರಾದರೂ 75 ವರ್ಷದ ದಾಖಲೆ ಕೇಳಿದ್ದರೆ ಆ ಪುಟಕ್ಕೆ ಗುರುತು ಹಾಕಿಡಿ.

ಸ್ಥಳ ತನಿಖೆಯ ಮಹಜರನ್ನೂ ಬಿಡಿಸಿ ನೋಡಿ. ಅರಣ್ಯ ಮತ್ತು ಕಂದಾಯದವರು ಬಂದು, ಹುದ್ದೆ ಮತ್ತು ತಾರೀಕು ಸಮೇತ ಸಹಿ ಹಾಕಿರಬೇಕು. ಅವರು ಬಾರದೆ, ಆಮೇಲೆ "ನಾವು ಇರಲಿಲ್ಲ" ಎಂದು ತಕರಾರು ಎತ್ತಿದರೆ ಒಮ್ಮೆ ಮರುತನಿಖೆಗೆ ಕಳಿಸಬೇಕು. ಎರಡನೇ ಸಲವೂ ಬಾರದಿದ್ದರೆ ತನಿಖೆಯ ಬಗ್ಗೆ ಗ್ರಾಮ ಸಭೆ ಹೇಳಿದ್ದೇ ಕೊನೆ. ಹಾಗೆಯೇ ಉಪವಿಭಾಗದ ಸಮಿತಿಯಲ್ಲಿ ತಾಲೂಕು ಪಂಚಾಯತಿಯ ಮೂವರು ಸದಸ್ಯರಿರಬೇಕು, ಅವರಲ್ಲಿ ಇಬ್ಬರಾದರೂ ಪರಿಶಿಷ್ಟ ಪಂಗಡದವರು. ತಾಲೂಕು ಪಂಚಾಯತ್ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ನಿಮ್ಮ ಅರ್ಜಿ ವಜಾ ಆದ ದಿನ ಆ ಮೂರು ಕುರ್ಚಿಯಲ್ಲಿ ಯಾರಿದ್ದರು ಎಂದು ನಡಾವಳಿಯ ಪ್ರತಿ ತೆಗೆಸಿ ನೋಡುವುದು ಒಳ್ಳೆಯದು.

ಎಬ್ಬಿಸುವ ವಿಚಾರ: ಕಾಯ್ದೆಯ 4(5)ನೇ ಕಲಮಿನಂತೆ ಹಕ್ಕು ಗುರುತಿಸುವ ಮತ್ತು ಪರಿಶೀಲಿಸುವ ಕೆಲಸ ಪೂರ್ತಿ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನದ ಒಳಗಿದ್ದರೂ ಇದು ಅನ್ವಯ, ಏಕೆಂದರೆ ಕಾಯ್ದೆಯ "ಅರಣ್ಯ ಭೂಮಿ" ಎಂಬ ಮಾತಿನಲ್ಲಿ ಉದ್ಯಾನ, ಅಭಯಾರಣ್ಯ, ಡೀಮ್ಡ್ ಫಾರೆಸ್ಟ್ ಎಲ್ಲವೂ ಸೇರಿವೆ. ವಜಾ ಆದವರನ್ನು ತೆರವುಗೊಳಿಸಿ ಎಂದು 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಹೇಳಿತ್ತು, ಆದರೆ ಅದೇ ತಿಂಗಳ 28ರಂದು ಆ ಆದೇಶವನ್ನು ತಾನೇ ತಡೆಹಿಡಿಯಿತು.

ಕೊನೆಗೊಂದು ಮಾತು. ನೀವು ಹಿಂದೆ 94ಸಿ (ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯ ಸಕ್ರಮ) ಅಥವಾ ಅಕ್ರಮ-ಸಕ್ರಮದಲ್ಲಿ ಹಾಕಿ ವಜಾ ಆದ ಅರ್ಜಿ ಇದ್ದರೆ ಅದು ಕಂದಾಯ ಕಾನೂನಿನ ದಾರಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಆ ಹಿಂಬರಹವನ್ನು ಇಲ್ಲಿ ನಿಮ್ಮ ವಿರುದ್ಧ ಬಳಸಲು ಬಿಡಬೇಡಿ. ಹಕ್ಕುಪತ್ರ ಬಂದಾಗ ಅದು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇದೆಯೇ ನೋಡಿ. ಆ ಜಾಗ ಮಕ್ಕಳಿಗೆ ಬರುತ್ತದೆ, ಮಾರುವಂತಿಲ್ಲ.

ನಮ್ಮ ಪಂಚಾಯತಿಯ ಗ್ರಾಮ ಸಭೆಯಲ್ಲೇ ಅರಣ್ಯ ಹಕ್ಕಿನ ಅರ್ಜಿಯನ್ನೂ ಮಂಜೂರು ಮಾಡಿಸಿಕೊಂಡರೆ ಆಗದೇ?
— ಹೆಬ್ರಿ

ಆಗದು. ಹೆಸರು ಒಂದೇ, ಸಭೆ ಬೇರೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಪಂಚಾಯತಿಯ ಗ್ರಾಮ ಸಭೆಗೆ ಕೋರಂ ಸಣ್ಣದು. ಅರಣ್ಯ ಹಕ್ಕಿನ ಗ್ರಾಮ ಸಭೆ ನಿಮ್ಮ ಹಳ್ಳಿಯ ಅಥವಾ ಹಾಡಿಯ ಎಲ್ಲ ವಯಸ್ಕರದ್ದು, ಅವರಲ್ಲಿ ಅರ್ಧದಷ್ಟು ಜನ ಕೂರಬೇಕು, ಕೂತವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. 180 ವಯಸ್ಕರಿದ್ದರೆ 90 ಮಂದಿ, ಅದರಲ್ಲಿ 30 ಹೆಂಗಸರು. ಇದರ ಜೊತೆಗೆ ಅರ್ಜಿದಾರರಲ್ಲಿ ಅರ್ಧ ಜನ ಅಥವಾ ಅವರ ಪ್ರತಿನಿಧಿಗಳು ಹಾಜರಿರಬೇಕು. ಅಡಿಕೆ ಕೊಯ್ಲಿನ ವಾರದಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಈ ಲೆಕ್ಕ ತುಂಬುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಂಗಸರ ಸಹಿಗೆ ಬೇರೆಯೇ ಹಾಳೆ ಇಡಿ, ಮೇಲಿನವರು ಮೊದಲು ಎಣಿಸುವುದು ಅದನ್ನೇ.

ನಾವು ಕೊರಗರು. ಒಳಜಗಳ, ಪಾಲು, ಸಂಬಂಧ ಎಲ್ಲವನ್ನೂ ನಮ್ಮಲ್ಲಿ ಗುರಿಕಾರರೇ ತೀರ್ಮಾನಿಸುವುದು. ಇದಕ್ಕೆ ಸರ್ಕಾರದಲ್ಲಿ ಬೆಲೆ ಇದೆಯೇ? ಕೊರಗ ಕುಟುಂಬಗಳಿಗೆ ಕೊಡಿ ಎಂದು ಮಹಮ್ಮದ್ ಪೀರ್ ಸಮಿತಿಯ ವರದಿ ಹೇಳಿದ ಎರಡೂವರೆ ಎಕರೆ ನಮ್ಮ ಹಕ್ಕೋ ಅಲ್ಲವೋ?
— ಕುಂದಾಪುರ ತಾಲೂಕು

ಬೆಲೆ ಇದೆ, ಆದರೆ ಒಂದು ಗಡಿಯೊಳಗೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956 ಪರಿಶಿಷ್ಟ ಪಂಗಡಗಳಿಗೆ ಕೇಂದ್ರ ಅಧಿಸೂಚನೆ ಹೊರಡಿಸದ ಹೊರತು ಅನ್ವಯಿಸುವುದಿಲ್ಲ ಎಂದು ಅದರ 2(2)ನೇ ಕಲಮೇ ಹೇಳುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲೂ ಇದೇ ಮಾತಿದೆ. ಹಾಗಾಗಿ ಪಾಲು, ಮದುವೆ, ಬಿಡುಗಡೆಗಳಲ್ಲಿ ನಿಮ್ಮ ಕಟ್ಟುಕಟ್ಟಳೆಯೇ ಕಾನೂನು. ತೊಡಕು ಬರುವುದು ತಾಲೂಕು ಕಚೇರಿಯಲ್ಲಿ ಕಟ್ಟಳೆ ಏನೆಂದು ತೋರಿಸಬೇಕಾದಾಗ. ಗುರಿಕಾರರು ತೀರ್ಮಾನ ಮಾಡಿದ ದಿನವೇ ಒಂದು ಪುಸ್ತಕದಲ್ಲಿ ಬರೆದು, ಎರಡೂ ಕಡೆಯವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಹೊರಗಿನ ಇಬ್ಬರ ಸಾಕ್ಷಿ ಸೇರಿಸಿಟ್ಟರೆ ಇಪ್ಪತ್ತು ವರ್ಷದ ಮೇಲೂ ಅದು ಕೆಲಸಕ್ಕೆ ಬರುತ್ತದೆ. ಹೆಣ್ಣುಮಕ್ಕಳಿಗೆ ಪಾಲಿಲ್ಲ ಎಂಬುದು ಕಟ್ಟಳೆ ಎನ್ನುವವರು ಅದನ್ನು ಸಾಬೀತು ಮಾಡಬೇಕು, ಇಲ್ಲದಿದ್ದರೆ ಸಮಪಾಲು ಎಂದು ಬೇರೊಂದು ರಾಜ್ಯದ ಬುಡಕಟ್ಟು ಕುಟುಂಬದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಹೇಳಿದೆ. ತಾಯಿಯ ಬಳಿ (ಕುಲ) ಹಿಡಿದು ನಡೆಯುವ ನಿಮ್ಮಲ್ಲಿ ಆ ವಾದ ಎತ್ತುವುದೇ ಕಷ್ಟ.

ಗುರಿಕಾರರಿಗೆ ಇಲ್ಲದ ಅಧಿಕಾರವೂ ಇದೆ. ಯಾರನ್ನೂ ಊರಿಂದ ಹೊರಗಿಡುವಂತಿಲ್ಲ. ಹೊಡೆತ, ಬಡಿತ, ಅತ್ಯಾಚಾರದಂಥ ವಿಷಯ ಅವರ ಚಾವಡಿಯದ್ದಲ್ಲ, ಪೊಲೀಸ್ ಠಾಣೆಯದ್ದು. ಡೋಲು ಬಡಿಯಲು ಕೂಲಿ ಕೊಡದೆ ಬಲವಂತ, ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಇವೆಲ್ಲ 2000ದ ಅಜಲು ಪದ್ಧತಿ ನಿಷೇಧ ಕಾಯ್ದೆಯಡಿ ಅಪರಾಧ. "ನಂಬಿಕೆ, ಸಂಪ್ರದಾಯ" ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಜೊತೆಗೆ ದೌರ್ಜನ್ಯ ತಡೆ ಕಾಯ್ದೆಯೂ ಸೇರಿದರೆ ತನಿಖೆ ಮಾಡಬೇಕಾದವರು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರಲ್ಲ, ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ.

ಎರಡೂವರೆ ಎಕರೆ: ಅದು ವರದಿಯ ಶಿಫಾರಸು, ಶಾಸನವಲ್ಲ. ಶಿಫಾರಸನ್ನು ಹಿಡಿದು ಕೋರ್ಟಿಗೆ ಹೋದರೆ ಗೆಲ್ಲುವುದು ಕಷ್ಟ, ನಿರ್ದಿಷ್ಟ ಜಾಗ ತೋರಿಸಿ ಮಂಜೂರಾತಿ ಕೇಳಿದರೆ ದಾರಿ ಇದೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಅದಕ್ಕೆ ಒಳ್ಳೆಯ ಆರಂಭ ಡಿ.ಸಿ. ಮನ್ನಾ ಜಾಗ. ಇಲ್ಲಿ ಡಿ.ಸಿ. ಎಂದರೆ ಜಿಲ್ಲಾಧಿಕಾರಿಯಲ್ಲ. ಬ್ರಿಟಿಷರ ಕಾಲದಲ್ಲಿ ಡಿಪ್ರೆಸ್ಡ್ ಕ್ಲಾಸ್ ಎಂದು ಕರೆದವರಿಗಾಗಿ ತೆಗೆದಿಟ್ಟ ಭೂಮಿ ಅದು. ಎಷ್ಟೋ ಕಡೆ ಈಗ ಬೇರೆಯವರ ತೋಟವಾಗಿದೆ. ನಿಮ್ಮ ಗ್ರಾಮದ ಡಿ.ಸಿ. ಮನ್ನಾ ಸರ್ವೆ ನಂಬರ್, ವಿಸ್ತೀರ್ಣ, ಈಗಿನ ಪಹಣಿ ಮೂರನ್ನೂ ಮಾಹಿತಿ ಹಕ್ಕಿನಲ್ಲಿ ತಹಶೀಲ್ದಾರರಿಂದ ಪಡೆಯಿರಿ. ಆಮೇಲೆ ಅದೇ ಸರ್ವೆ ನಂಬರ್ ಬರೆದು ಮಂಜೂರಾತಿ ಅರ್ಜಿ ಕೊಡಿ, ಒಂದು ಪ್ರತಿ ಉಡುಪಿಯ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ ಕಚೇರಿಗೂ ಹೋಗಲಿ. ಮನೆಯ ಮಟ್ಟಿಗೆ, 2023ರ ನವೆಂಬರಿನಲ್ಲಿ ಆರಂಭವಾದ ಪಿಎಂ ಜನಮನ್ ಯೋಜನೆ ವಿಶೇಷ ದುರ್ಬಲ ಬುಡಕಟ್ಟುಗಳಿಗೆಂದೇ ಇದೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಕೊರಗರು ಮತ್ತು ಜೇನುಕುರುಬರು, ಇಬ್ಬರೇ.

ಕೆನಡಾ, ಅಮೆರಿಕಗಳಲ್ಲಿ ಮೂಲನಿವಾಸಿಗಳಿಗೆ ಅವರದ್ದೇ ಸರ್ಕಾರ ಇದೆ ಎಂದು ಓದಿದೆ. ನಮ್ಮಲ್ಲಿ ಯಾಕಿಲ್ಲ?
— ಕಾಲೇಜು ವಿದ್ಯಾರ್ಥಿನಿ, ಮಂಗಳೂರು

ನಮ್ಮಲ್ಲೂ ಇದೆ, ಆದರೆ ನಮ್ಮ ರಾಜ್ಯದಲ್ಲಿಲ್ಲ. ಕೆನಡಾದಲ್ಲಿ 1876ರ ಇಂಡಿಯನ್ ಆ್ಯಕ್ಟ್ ಕೆಳಗಿನ ಬ್ಯಾಂಡ್ ಕೌನ್ಸಿಲ್‌ಗಳು, ಅಂದರೆ ಮೂಲನಿವಾಸಿ ಗುಂಪುಗಳ ಆಡಳಿತ ಮಂಡಳಿಗಳು, ಒಂದು ಬಗೆ. 1982ರ ಸಂವಿಧಾನದ 35ನೇ ಕಲಮು ಒಪ್ಪಿಕೊಂಡ ಹಕ್ಕುಗಳ ಮೇಲೆ ಒಪ್ಪಂದದಿಂದ ಹುಟ್ಟಿದ ಸ್ವಂತ ಸರ್ಕಾರ ಇನ್ನೊಂದು ಬಗೆ. ಬ್ರಿಟಿಷ್ ಕೊಲಂಬಿಯಾದ ನಿಸ್ಗಾ ಜನರದ್ದು 2000ದಲ್ಲಿ ಜಾರಿಗೆ ಬಂತು. ನಾರ್ವೆಯಲ್ಲಿ ಸಾಮಿ ಎಂಬ ಮೂಲನಿವಾಸಿಗಳ ಸಂಸತ್ತು 1989ರಿಂದ ಇದೆ.

ನಮ್ಮ ಸಂವಿಧಾನದ ಆರನೇ ಪರಿಚ್ಛೇದ ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗಳಲ್ಲಿ ಸ್ವಾಯತ್ತ ಜಿಲ್ಲಾ ಮಂಡಳಿಗಳನ್ನು ಕೊಟ್ಟಿದೆ. ಭೂಮಿ, ಮೀಸಲಲ್ಲದ ಕಾಡು, ಮದುವೆ, ಉತ್ತರಾಧಿಕಾರಗಳ ಬಗ್ಗೆ ಅವು ಕಾನೂನನ್ನೇ ಮಾಡಬಲ್ಲವು, ರಾಜ್ಯಪಾಲರ ಒಪ್ಪಿಗೆ ಬೇಕು. ಐದನೇ ಪರಿಚ್ಛೇದದಡಿ ಬುಡಕಟ್ಟು ಪ್ರದೇಶ ಎಂದು ಗುರುತಿಸಿದ ಜಾಗಗಳು ಹತ್ತು ರಾಜ್ಯಗಳಲ್ಲಿವೆ. ಅಲ್ಲಿ 1996ರ ಪೆಸಾ ಕಾಯ್ದೆ ಗ್ರಾಮ ಸಭೆಗೆ ಹೆಚ್ಚಿನ ಬಲ ಕೊಡುತ್ತದೆ. ಕರ್ನಾಟಕದಲ್ಲಿ ಒಂದೇ ಒಂದು ಊರೂ ಐದನೇ ಪರಿಚ್ಛೇದದಲ್ಲಿಲ್ಲ, ಹಾಗಾಗಿ ಪೆಸಾ ಇಲ್ಲಿಗೆ ಬರುವುದಿಲ್ಲ. ವೇದಿಕೆಗಳಲ್ಲಿ "ಪೆಸಾ ಪ್ರಕಾರ ನಮ್ಮ ಗ್ರಾಮ ಸಭೆಗೆ..." ಎಂದು ಭಾಷಣ ಮಾಡುವವರನ್ನು ಕೇಳಿದರೆ ನಗು ಬರುತ್ತದೆ.

ಅರಣ್ಯ ಹಕ್ಕು ಕಾಯ್ದೆಗೆ ಮಾತ್ರ ಈ ಗಡಿ ಇಲ್ಲ. ಕಾಡನ್ನು, ನೀರಿನ ಮೂಲವನ್ನು ಕಾಪಾಡುವ ಅಧಿಕಾರ ಅದರ 5ನೇ ಕಲಮಿನಲ್ಲಿ ಗ್ರಾಮ ಸಭೆಗಿದೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂಬುದನ್ನು ಗ್ರಾಮ ಸಭೆಗಳ ಮುಂದಿಡಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಮುಖ್ಯವಾಗಿ ಈ ಕಾಯ್ದೆಯ ಬಲದಿಂದ. 12 ಊರುಗಳ ಸಭೆ ಕೂಡಿತು, ಹನ್ನೆರಡೂ ಬೇಡ ಎಂದವು.

ಗ್ರಾಮ ಸಭೆಯಲ್ಲಿ ಒಂದು ತೀರ್ಮಾನ, ನಡಾವಳಿಯಲ್ಲಿ ಇನ್ನೊಂದು ಎಂದು ಅನುಮಾನ. ಪ್ರತಿ ಕೇಳಿದರೆ ಕೊಡುವುದಿಲ್ಲ.
— ಕಾರ್ಕಳ ತಾಲೂಕು

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸುಲಭ. ವ್ಯಕ್ತಿಯ ಹೆಸರು ಬರೆಯಬೇಡಿ, ಹುದ್ದೆಯ ಹೆಸರಿರಲಿ. ಬಿಪಿಎಲ್ ಆದರೆ ಕಾರ್ಡಿನ ನಕಲು ಲಗತ್ತಿಸಿ, ಶುಲ್ಕವಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಊರಿನ ಸಂಕಟವೆಲ್ಲ ಒಂದರಲ್ಲೇ ತುಂಬಿದ ಅರ್ಜಿಗಳು ಇಲ್ಲೇ ತಿರಸ್ಕಾರವಾಗುತ್ತವೆ.

"ಯಾಕೆ ಹೀಗೆ ಬರೆದಿರಿ?" ಎಂದು ಕೇಳಬೇಡಿ. ಯಾಕೆ ಎಂಬುದಕ್ಕೆ ಉತ್ತರ ಕಡತದಲ್ಲಿರುವುದಿಲ್ಲ, "ಮಾಹಿತಿ ಲಭ್ಯವಿಲ್ಲ" ಎಂದು ಕೈತೊಳೆದುಕೊಳ್ಳುತ್ತಾರೆ. ಹೀಗೆ ಕೇಳಿ: ಇಂಥ ದಿನದ ಗ್ರಾಮ ಸಭೆಯ ನಡಾವಳಿ ಪುಸ್ತಕದ ದೃಢೀಕೃತ ಪ್ರತಿ, ಅದೇ ದಿನದ ಹಾಜರಿ ಪುಟಗಳು, ಸಭೆಯ ವಿಡಿಯೋ ಮಾಡಿದ್ದರೆ ಅದರ ನಕಲು. ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಪಂಚಾಯತಿಗೆ ಸಾಮಾನ್ಯವಾಗಿ ತಾಲೂಕು ಪಂಚಾಯತ್ ಕಾರ್ಯನಿರ್ವಹಣಾಧಿಕಾರಿಯ ಬಳಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು, ಆದರೆ ಅಲ್ಲಿ ಸರದಿ ಉದ್ದ.

ಅದಕ್ಕಿಂತ ಸುಲಭದ ಉಪಾಯ ಮುಂದಿನ ಸಭೆಯಲ್ಲಿದೆ. ನಡಾವಳಿ ಬರೆಯುವವರು ಪುಸ್ತಕ ಮುಚ್ಚುವ ಮೊದಲು ಎದ್ದು ನಿಂತು "ಬರೆದದ್ದನ್ನು ಓದಿ ಹೇಳಿ" ಎನ್ನಿ. ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ ಬಿಡದೆ ಅಡ್ಡಗೆರೆ ಎಳೆಸಿ, ಫೋನಿನಲ್ಲಿ ಆ ಪುಟದ ಫೋಟೋ ತೆಗೆದುಕೊಳ್ಳಿ.

ನಾನಿರುವುದು ಮುಂಬೈಯಲ್ಲಿ, ಮತವೂ ಅಲ್ಲೇ. ಊರಿನ ಮನೆಯ ತೆರಿಗೆ ಕಟ್ಟುತ್ತೇನೆ. ಗ್ರಾಮ ಸಭೆಯಲ್ಲಿ ಮಾತಾಡಬಹುದೇ?
— ಪಡುಬಿದ್ರಿ ಮೂಲದವರು

ಕೂತು ಕೇಳಬಹುದು, ಅಧ್ಯಕ್ಷರು ಬಿಟ್ಟರೆ ನಾಲ್ಕು ಮಾತು ಆಡಬಹುದು. ತೀರ್ಮಾನಕ್ಕೆ ಕೈ ಎತ್ತುವಂತಿಲ್ಲ. ಗ್ರಾಮ ಸಭೆಯ ಸದಸ್ಯತ್ವ ಬರುವುದು ಆ ಊರಿನ ಮತದಾರರ ಪಟ್ಟಿಯಿಂದ, ತೆರಿಗೆ ರಶೀದಿಯಿಂದಲ್ಲ. ಎರಡೂ ಕಡೆ ಹೆಸರು ಸೇರಿಸುವ ಯೋಚನೆ ಬೇಡ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಇದೆ. ಮನೆ ತೆರಿಗೆಯ ಬಗ್ಗೆ ತಕರಾರಿದ್ದರೆ ಅದನ್ನು ಮಾಲೀಕರಾಗಿ ಪಂಚಾಯತಿಗೆ ಬರೆದೇ ಕೊಡಿ, ಅದಕ್ಕೆ ಮತ ಎಲ್ಲಿದ್ದರೂ ಅಡ್ಡಿಯಿಲ್ಲ.